ಕೊಟ್ಟದ್ದು, ತಲುಪಿದ್ದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳನ್ನು ಎಲ್ಲರೂ ‘ಇನ್ನೊಂದ್ಸಲ’ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಬೆನ್ನ ಹಿಂದೆ ಕರೆಯುವಷ್ಟು ಮರ್ಯಾದಸ್ಥರು ಅಲ್ಲಿ ಯಾರೂ ಇರಲಿಲ್ಲ. ಯಾವ ಲೆಕ್ಕ ಮುಗಿದರೂ "ಇನ್ನೊಂದ್ಸಲ ನೋಡ್ತೀನಿ" ಅನ್ನುವುದು ಅವಳ ನಾಲಿಗೆಗೆ ಅಂಟಿಕೊಂಡ ಮಾತು. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಬಂದವಳು ತಿರುಗಿ ಹೋಗಿ ಬೀಗ ಜಗ್ಗಿ ನೋಡಿ ಬರುತ್ತಿದ್ದಳು. ಆಮೇಲೆ ಬಸ್ಸಿನಲ್ಲಿ ಕೂತು, ಜಗ್ಗಿದ್ದರಿಂದಲೇ ಬೀಗ ಸಡಿಲವಾಯಿತೋ ಏನೋ ಎಂದು ಕೊರಗುತ್ತಿದ್ದಳು. ಇಂಥವರ ಜತೆ ಬಾಳುವುದು ಕಷ್ಟ. ಆದರೆ ಇಂಥವರೇ ಕೂತು ಮಾಡಬೇಕಾದ ಕೆಲಸಗಳು ಲೋಕದಲ್ಲಿ ಕೆಲವಿವೆ, ಅವಳಿಗೆ ಅಂಥದ್ದೇ ಒಂದು ಸಿಕ್ಕಿತ್ತು.

ಈ ಗುಣ ಅವಳಿಗೆ ತಾಯಿಯಿಂದ ಬಂದದ್ದು. ತಾಯಿ ಬಟ್ಟೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ತಪ್ಪು ಹುಡುಕುವ ಕೆಲಸ ಮಾಡಿದವಳು. ಕೆಳಗಿನಿಂದ ದೀಪ ಹೊತ್ತಿಸಿದ ಗಾಜಿನ ಮೇಜಿನ ಮೇಲೆ ಬಟ್ಟೆಯ ಥಾನು ಸರಿದು ಹೋಗುತ್ತಿದ್ದರೆ, ಎಳೆ ತಪ್ಪಿದ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು, ಅಷ್ಟೇ. ನಿವೃತ್ತಿಯಾದ ಮೇಲೂ ಆಕೆಗೆ ಮನೆಗೆ ಬಂದವರ ಮುಖ ಕಾಣುವ ಮೊದಲು ಅವರ ಸೆರಗಿನ ತೂತು ಕಾಣುತ್ತಿತ್ತು. ನಲವತ್ತೊಂದು ದಾಟಿದ ಮಗಳಿಗೆ ಮದುವೆಯಾಗಿರಲಿಲ್ಲ. "ಬಂದ ಗಂಡುಗಳನ್ನೆಲ್ಲ ಇಬ್ಬರೂ ಸೇರ್ಕೊಂಡು ದೀಪದ ಮೇಲೆ ಹಿಡಿದು ನೋಡಿದ್ವಿ, ಇನ್ನೆಲ್ಲಿ ಆಗತ್ತೆ" ಎಂದು ತಾಯಿಯೇ ನಗುತ್ತಿದ್ದಳು.

ಅವಳ ಕೆಲಸ ಕ್ಯಾನ್ಸರ್ ಗಡ್ಡೆಗೆ ಕಣಗಳ ಕಿರಣ ಬಿಡುವ ವಿಭಾಗದಲ್ಲಿ. ಮಾಮೂಲಿ ಎಕ್ಸ್‌ರೇ ಮೈಯೊಳಗೆ ಹೊಕ್ಕರೆ ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ಅಷ್ಟಿಷ್ಟು ಏಟು ಕೊಡುತ್ತ ಆಚೆ ಕಡೆಯಿಂದ ಹೊರಬೀಳುತ್ತದೆ. ಈ ಕಣಗಳು ಹಾಗಲ್ಲ. ಹೇಳಿದಷ್ಟು ಆಳಕ್ಕೆ ಹೋಗಿ, ಹೊತ್ತದ್ದನ್ನು ಅಲ್ಲೇ ಇಳಿಸಿ, ಅಲ್ಲೇ ನಿಂತುಬಿಡುತ್ತವೆ. ಆದ್ದರಿಂದ ಎಲ್ಲಿ ನಿಲ್ಲಬೇಕೆಂದು ಮಿಲಿಮೀಟರಿನ ಲೆಕ್ಕದಲ್ಲಿ ಮೊದಲೇ ಹೇಳಬೇಕು. ದಾರಿಯಲ್ಲಿರುವ ಮೂಳೆ ಅವನ್ನು ತಡೆಯುತ್ತದೆ, ಮಾಂಸ ತಡೆಯುತ್ತದೆ, ಬರೀ ಗಾಳಿ ತಡೆಯುವುದಿಲ್ಲ. ಇದನ್ನು ಹೇಳಲು ಒಂದು ನಿಮಿಷ ಸಾಕು. ಕಲಿಯಲು ಅವಳಿಗೆ ಏಳು ವರ್ಷ ಬೇಕಾಗಿತ್ತು.

ಆರು ತಿಂಗಳ ಹಿಂದೆ ಅವಳಿಂದ ಒಂದು ಎಡವಟ್ಟಾಗಿತ್ತು. ಒಬ್ಬ ಅಜ್ಜಿ ಯಂತ್ರದ ಮೇಜಿನ ಮೇಲೆ ಮಲಗಿದ್ದಾಗ ಅವಳು "ನಿಲ್ಸಿ, ಅಳತೆ ತಪ್ಪಿದೆ" ಎಂದು ಕಿರುಚಿದ್ದಳು. ಅಳತೆ ಸರಿಯಾಗಿಯೇ ಇತ್ತು. ಅವಳು ಹಿಂದಿನ ದಿನದ ದಾಖಲೆ ತೆರೆದುಕೊಂಡು ನೋಡುತ್ತಿದ್ದಳು. ಅಜ್ಜಿಯನ್ನು ಮನೆಗೆ ಕಳಿಸಿದರು. ಮಾರನೆಯ ದಿನ ಯಂತ್ರವೇ ಕೆಟ್ಟು ಮೂರು ದಿನ ಮಲಗಿತು. ಅಜ್ಜಿಯ ಚಿಕಿತ್ಸೆಯಲ್ಲಿ ಬೇಡದ ನಾಲ್ಕು ದಿನದ ಬಿಡುವು ಬಿತ್ತು. ವಿಭಾಗದ ಮುಖ್ಯಸ್ಥರು ಸಿಟ್ಟಾಗುವ ಮನುಷ್ಯರಲ್ಲ. "ತಪ್ಪು ಹಿಡಿಯೋದು ನಿನ್ನ ಕೆಲಸ ಕಣಮ್ಮ, ಹುಟ್ಟಿಸೋದಲ್ಲ" ಎಂದಷ್ಟೇ ಹೇಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ಮಾತು ಅವಳನ್ನು ಒಳಗೇ ಕೊರೆಯಿತು. ತನ್ನ ಕಳವಳಕ್ಕೆ ತಾನೇ ಮೂಗುದಾರ ಹಾಕಿಕೊಳ್ಳಬೇಕೆಂದು ಎರಡು ತಿಂಗಳು ಕೂತು ಒಂದು ಚಿತ್ರ ಕಟ್ಟಿದಳು. ಪರದೆಯ ಎಡಕ್ಕೆ, ಕೊಡಬೇಕೆಂದುಕೊಂಡ ಕಿರಣದ ಡೋಸು. ಬಲಕ್ಕೆ, ಯಂತ್ರದ ಆ ದಿನದ ದಾಖಲೆಯಿಂದ ಲೆಕ್ಕ ಹಾಕಿದ, ನಿಜವಾಗಿ ಕೊಟ್ಟ ಡೋಸು. ನಡುವೆ ಎರಡರ ವ್ಯತ್ಯಾಸ: ಹೆಚ್ಚಾದರೆ ಕೆಂಪು, ಕಡಿಮೆಯಾದರೆ ನೀಲಿ, ಸರಿಯಿದ್ದರೆ ಬಿಳಿ. ಕೆಂಪು ಕಂಡರೆ ಮಾತ್ರ ಚಿಕಿತ್ಸೆ ನಿಲ್ಲಿಸುವುದು, ಬಿಳಿಯಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಒಂದು ನಿಯಮ ಬರೆದು ತನ್ನ ಮೇಜಿನೆದುರು ಅಂಟಿಸಿದಳು. ಚಿತ್ರ ಎಲ್ಲರಿಗೂ ಹಿಡಿಸಿತು. ಬೆಳಗಿನ ಮೀಟಿಂಗಿನಲ್ಲಿ ಹತ್ತು ರೋಗಿಗಳ ಹತ್ತು ಬಿಳಿ ಚಿತ್ರ ಸಾಲಾಗಿ ಬಂದು ಹೋದರೆ ವಿಭಾಗದ ಡಾಕ್ಟರಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು. ಅವಳಿಗೂ ಜೀವಮಾನದಲ್ಲಿ ಮೊದಲ ಸಲ ಒಂದು ನೆಮ್ಮದಿ ಸಿಕ್ಕಿತ್ತು. ಅದರಲ್ಲಿ ಬಾಡಿಗೆ ಮನೆಯಲ್ಲಿ ಇದ್ದಂತೆ ಇದ್ದಳು, ಆದರೂ ಇದ್ದಳು.

ಹೀಗಿರುವಾಗ ಬಣ್ಣದ ಮೇಸ್ತ್ರಿ ಬಂದರು. ಐವತ್ತೆಂಟರ ಆಸುಪಾಸು, ಗೋಡೆಗೆ ಬಣ್ಣ ಬಳಿಯುವ ಕಸುಬು, ಉಗುರಿನ ಸಂದಿಯಲ್ಲಿ ಹೋಗದ ಬಿಳಿ. ಎಡಗಣ್ಣು ಚಿಕ್ಕಂದಿನಲ್ಲೇ ಸುಣ್ಣ ಸಿಡಿದು ಹೋಗಿತ್ತು. ಈಗ ಮೂಗಿನ ಒಳಗೆ, ಎಡಕ್ಕೆ, ಗಡ್ಡೆ. ಡಾಕ್ಟರಮ್ಮ ಮತ್ತು ಅವಳು ಸೇರಿ ಜಾಣತನದ ಒಂದು ದಾರಿ ಹುಡುಕಿದ್ದರು: ಕಿರಣವನ್ನು ಹಾಳಾದ ಕಣ್ಣಿನ ಕಡೆಯಿಂದ ಬಿಡುವುದು, ಆ ಕಡೆ ಕಳೆದುಕೊಳ್ಳಲು ಏನೂ ಇಲ್ಲ, ಗಡ್ಡೆ ದಾಟಿ, ಒಳ್ಳೆಯ ಕಣ್ಣಿನ ನರ ತಲುಪುವ ಮೊದಲೇ ನಿಲ್ಲಿಸುವುದು. ಒಟ್ಟು ಮೂವತ್ತಮೂರು ಸಲ. ವಾರಕ್ಕೆ ಐದು.

ಹದಿಮೂರು ಸಲ ಮುಗಿಯಿತು. ಹದಿಮೂರೂ ಚಿತ್ರ ಹಾಲಿನಂಥ ಬಿಳಿ.

ಹದಿನಾಲ್ಕನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಾರಣವೇನೂ ಇರಲಿಲ್ಲ, ಅವಳಿಗೆ ಅದು ವಾರಕ್ಕೆರಡು ಸಲ ಬರುವ ಕಾಯಿಲೆ. ನೀರು ಕುಡಿಯುವ ನೆಪದಲ್ಲಿ ಕಾರಿಡಾರಿಗೆ ಬಂದಳು. ಮೇಸ್ತ್ರಿ ಆಸ್ಪತ್ರೆಯ ನಿಲುವಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದರು. ಕಳಚಿದ ತಮ್ಮ ಅಂಗಿಯನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡಿದ್ದರು.

"ಏನ್ ಮೇಸ್ತ್ರೀ, ಅಂಗಿ ಮೂಸ್ತಾ ಕೂತಿದೀರಿ?"

"ಥಿನ್ನರ್ ವಾಸನೆ ಮೇಡಂ," ಎಂದರು ಮೇಸ್ತ್ರಿ, ಸಿಕ್ಕಿಬಿದ್ದವರ ಹಾಗೆ ನಕ್ಕು. "ಒಂದು ವರ್ಷ ಆಗಿತ್ತು, ಯಾವ ವಾಸನೇನೂ ಇರ್ಲಿಲ್ಲ. ಹೆಂಡತಿ ಇದೇ ವಾಸನೆಗೆ ಬೈತಿದ್ಲು, ನನಗೆ ಬೈಗುಳ ಮಾತ್ರ ಗೊತ್ತಾಗ್ತಿತ್ತು. ಈಗ ಮೂಗು ಬಿಟ್ಟಿದೆ. ಎರಡೂ ಕಡೆ ಗಾಳಿ ಸರಾಗ ಆಡ್ತಿದೆ ನೋಡಿ."

ಮೇಸ್ತ್ರಿ ಬಲಗಡೆಯ ಹೊಳ್ಳೆ ಬೆರಳಿನಿಂದ ಮುಚ್ಚಿ, ಎಡಗಡೆಯಿಂದ ಉಸಿರು ಎಳೆದು ತೋರಿಸಿದರು. ಸುಂಯ್ ಎಂದು ಸದ್ದಾಯಿತು.

"ತುಂಬಾ ಒಳ್ಳೇದಾಯ್ತು" ಎಂದಳು. ಹೇಳಿ ಎರಡು ಹೆಜ್ಜೆ ಇಟ್ಟಳು. ಮೂರನೆಯ ಹೆಜ್ಜೆಗೆ ನಿಂತುಬಿಟ್ಟಳು.

ಮೂಗು ಬಿಟ್ಟಿದೆ ಎಂದರೆ ಅಲ್ಲಿ ತುಂಬಿಕೊಂಡಿದ್ದ ಗಡ್ಡೆ ಕರಗಿದೆ, ಕಫ ಹರಿದು ಹೋಗಿದೆ. ಮಾಂಸವಿದ್ದ ಜಾಗದಲ್ಲಿ ಈಗ ಗಾಳಿ ಇದೆ. ತಡೆಯಲು ಏನೂ ಇಲ್ಲದಿದ್ದರೆ ಕಣಗಳು ಅಲ್ಲಿ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತವೆ. ಮುಂದಕ್ಕೆ ಏನಿದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಹಾಗಾದರೆ ಚಿತ್ರ ಯಾಕೆ ಬಿಳಿ? ಕುರ್ಚಿಗೆ ಬಂದು ಬೀಳುವುದರೊಳಗೆ ಅದೂ ಹೊಳೆಯಿತು, ಹೊಳೆದದ್ದೇ ಮುಖಕ್ಕೆ ರಾಚಿದಂತಾಯಿತು. ಬಲಗಡೆಯ ಚಿತ್ರವನ್ನು ಅವಳು ಯಂತ್ರದ ಪ್ರತಿದಿನದ ದಾಖಲೆಯಿಂದ ಕಟ್ಟಿದ್ದಳು, ನಿಜ. ಆದರೆ ಅದನ್ನು ಬಿಡಿಸಿದ್ದು ಮೇಸ್ತ್ರಿಯ ಇವತ್ತಿನ ತಲೆಯ ಮೇಲಲ್ಲ. ಐದು ವಾರದ ಹಿಂದೆ ತೆಗೆದ ಸ್ಕ್ಯಾನಿನ ಮೇಲೆ, ಮೂಗು ಕಟ್ಟಿಕೊಂಡಿದ್ದ ಹಳೆಯ ಮೇಸ್ತ್ರಿಯ ಮೇಲೆ. ಯಂತ್ರ ಹೇಳಿದ್ದನ್ನೇ ಕೊಟ್ಟಿತ್ತು, ಅದರ ತಪ್ಪೇನೂ ಇರಲಿಲ್ಲ. ಅವಳು ‘ಕೊಟ್ಟದ್ದು’ ಎಂದು ಹೆಸರಿಟ್ಟು ಹದಿಮೂರು ದಿನ ತೋರಿಸಿದ್ದು ಯಂತ್ರದಿಂದ ಹೊರಟದ್ದನ್ನು. ಮನುಷ್ಯನಿಗೆ ತಲುಪಿದ್ದನ್ನು ಯಾರೂ ನೋಡಿರಲಿಲ್ಲ. ದಿನವೂ ತೆಗೆಯುವ ಎಕ್ಸ್‌ರೇಯಲ್ಲಿ ತಲೆ ಸರಿಯಾದ ಜಾಗದಲ್ಲಿದೆಯೇ, ಇವತ್ತಿನ ಮೂಳೆ ಹಳೆಯ ಸ್ಕ್ಯಾನಿನ ಮೂಳೆಗೆ ಕೂಡಿತೇ ಎಂದು ಮಾತ್ರ ನೋಡುತ್ತಿದ್ದರು, ಮೂಳೆ ಕೂಡುತ್ತಿತ್ತು. ಹೊಸ ಸ್ಕ್ಯಾನು ಪಟ್ಟಿಯ ಪ್ರಕಾರ ನಾಲ್ಕನೆಯ ವಾರಕ್ಕೆ ಇತ್ತು. ಇದು ಮೂರನೆಯ ವಾರ.

ಹಳೆಯ ಸ್ಕ್ಯಾನು ತೆರೆದು, ಮೂಗಿನ ಎಡಭಾಗದಲ್ಲಿ ಬೂದು ಬಣ್ಣದಲ್ಲಿ ತುಂಬಿದ್ದನ್ನೆಲ್ಲ ಕೈಯಾರೆ ಕಪ್ಪು ಮಾಡಿದಳು. ಕಪ್ಪು ಎಂದರೆ ಗಾಳಿ. ಲೆಕ್ಕಕ್ಕೆ ಹಾಕಿದಳು. ಹನ್ನೊಂದು ನಿಮಿಷ ಬೇಕು ಎಂದಿತು ಪರದೆ. ಅಷ್ಟರಲ್ಲಿ ಮೇಸ್ತ್ರಿಯನ್ನು ಒಳಗೆ ಕರೆದರು. ಅವಳು ಎದ್ದಳು, ಕೂತಳು, ಬಾಲ ಸುಟ್ಟ ಬೆಕ್ಕಿನಂತೆ ಮೇಜಿನಿಂದ ಬಾಗಿಲಿಗೂ ಬಾಗಿಲಿನಿಂದ ಮೇಜಿಗೂ ಓಡಾಡಿದಳು. ಕೊನೆಗೆ ಚಿತ್ರ ಬಂತು. ಕೆಂಪು ನಾಲಿಗೆಯೊಂದು ಗಡ್ಡೆ ದಾಟಿ, ಒಳ್ಳೆಯ ಕಣ್ಣಿನ ನರದ ಮೇಲೆ ಒರಗಿಕೊಂಡಿತ್ತು.

ಮುಖ್ಯಸ್ಥರ ಕೋಣೆಗೆ ಓಡಿದಳು. ಅವರು ಫೋನಿನಲ್ಲಿದ್ದರು. ಅವಳ ಮುಖ ನೋಡಿ ಫೋನ್ ಇಟ್ಟರು.

"ಸರ್, ಬಣ್ಣದ ಮೇಸ್ತ್ರಿಗೆ ಇವತ್ತು ಕೊಡೋದು ಬೇಡ. ಮೊದ್ಲು ಸ್ಕ್ಯಾನ್ ಮಾಡ್ಬೇಕು."

"ಚಿತ್ರ ಏನು, ಕೆಂಪು ಬಂದಿದ್ಯಾ?"

"ಬಿಳೀ ಇದೆ. ಅದೇ ತಪ್ಪು ಸರ್."

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಅವರ ಮನಸ್ಸಿನಲ್ಲಿ ಆ ಅಜ್ಜಿ ಬಂದು ಕೂತಿದ್ದಾಳೆಂದು ಅವಳಿಗೆ ಗೊತ್ತಾಯಿತು. ಅವಳ ಮನಸ್ಸಿನಲ್ಲೂ ಅಜ್ಜಿಯೇ ಕೂತಿದ್ದಳು.

"ಈ ಕೆಂಪು ಎಲ್ಲಿಂದ ಬಂತು?"

"ನಾನೇ ಗಾಳಿ ತುಂಬಿಸಿ ಲೆಕ್ಕ ಹಾಕಿದೆ."

"ಅಂದ್ರೆ ಅದು ನಿನ್ನ ಊಹೆ. ಸ್ಕ್ಯಾನ್ ರೂಮು ನಾಲ್ಕು ಗಂಟೆವರೆಗೆ ಖಾಲಿ ಇಲ್ಲ. ಇವತ್ತಿನದು ಕೊಟ್ಬಿಡೋಣ, ನಾಳೆ ಬೆಳಗ್ಗೆನೇ ಸ್ಕ್ಯಾನ್ ಮಾಡ್ಸೋಣ. ಒಂದು ದಿನದಲ್ಲಿ ಏನೂ ಕೊಳ್ಳೆ ಹೋಗಲ್ಲ. ಸುಮ್ಮನೆ ನಿಲ್ಸಿದ್ರೂ ನಷ್ಟಾನೇ ಅಲ್ವಾ?" ಆಮೇಲೆ ಕೇಳಿದರು, "ಬಿಳಿ ಇದ್ರೆ ನಿಲ್ಸಬಾರ್ದು ಅಂತ ರೂಲ್ ಬರೆದಿದ್ದು ಯಾರು?"

"ನಾನೇ."

"ಮತ್ತೆ?"

"ಅವ್ರಿಗಿರೋದು ಒಂದೇ ಕಣ್ಣು ಸರ್" ಎಂದಳು. ಬೇರೆ ವಾದ ಅವಳ ಹತ್ತಿರ ಇರಲಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಿದ್ದಾಳೆ ಎಂದು ಅವರು ಅಂದುಕೊಳ್ಳಲಿ, ಅಂದುಕೊಳ್ಳುವುದು ನ್ಯಾಯವೇ. ಅವರು ಡಾಕ್ಟರಮ್ಮನಿಗೆ ಫೋನ್ ಮಾಡುತ್ತೇನೆಂದು ರಿಸೀವರ್ ಎತ್ತಿದರು. ಅವಳು ಅಷ್ಟು ಹೊತ್ತು ಕಾಯಲಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ಮೇಸ್ತ್ರಿ ಮೇಜಿನ ಮೇಲೆ ಮಲಗಿದ್ದರು. ತಲೆ ಅಲುಗಬಾರದೆಂದು ಮುಖದ ಅಚ್ಚಿಗೇ ಮಾಡಿದ ಬಲೆಯಂಥ ಮುಖವಾಡವನ್ನು ಮೇಜಿಗೆ ಬಿಗಿದಿದ್ದರು. ಟೆಕ್ನಿಷಿಯನ್ ಹೊರಗೆ ಬರುತ್ತಿದ್ದವಳು ಇವಳನ್ನು ನೋಡಿ, "ಎಲ್ಲಾ ರೆಡಿ ಇದೆ, ಏನೀಗ?" ಎಂದಳು. ಅವಳು ನೇರ ಒಳಗೆ ಹೋಗಿ ಮುಖವಾಡದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದಳು. ನಾಲ್ಕನೆಯದು ಬೇಗ ಬಿಡಲಿಲ್ಲ.

"ಮುಗೀತಾ ಮೇಡಂ? ಇವತ್ತು ಬೇಗ ಆಯ್ತು" ಎಂದರು ಮೇಸ್ತ್ರಿ.

"ಶುರುನೇ ಆಗಿಲ್ಲ ಮೇಸ್ತ್ರೀ. ಎದ್ದು ಕೂತ್ಕೊಳ್ಳಿ. ಇನ್ನೊಂದು ಸ್ಕ್ಯಾನ್ ಮಾಡ್ಬೇಕು." ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. "ಮೂಗು ಬಿಟ್ಟು ಎಷ್ಟು ದಿನ ಆಯ್ತು?"

"ಹೋದ ಬುಧವಾರದಿಂದ. ಇವತ್ತಿಗೆ ಎಂಟು ದಿನ." ಮೇಸ್ತ್ರಿ ಟೆಕ್ನಿಷಿಯನ್ ಕಡೆ ತಿರುಗಿದರು. "ಇವ್ರಿಗೆ ಅವತ್ತೇ ಹೇಳಿದ್ನಲ್ಲ. ಡಾಕ್ಟ್ರಿಗೂ ಹೇಳ್ದೆ. ಎಲ್ರೂ ಭಾಳ ಸಂತೋಷ ಅಂದ್ರು."

ಟೆಕ್ನಿಷಿಯನ್ ಬಿಚ್ಚಿದ ಮುಖವಾಡವನ್ನು ಎತ್ತಿಕೊಂಡಳು. ಎಲ್ಲರೂ ಸಂತೋಷಪಟ್ಟದ್ದು ಸುಳ್ಳೇನಲ್ಲ. ಗಡ್ಡೆ ಕರಗುತ್ತಿದೆ ಎಂದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ? ಅರ್ಧ ಗಂಟೆಯ ಹಿಂದೆ ಕಾರಿಡಾರಿನಲ್ಲಿ ಅವಳೂ ಅದನ್ನೇ ಹೇಳಿ ಎರಡು ಹೆಜ್ಜೆ ನಡೆದಿದ್ದಳು.

ನಾಲ್ಕು ಗಂಟೆಗೆ ಸ್ಕ್ಯಾನ್ ಆಯಿತು. ಮೂಗಿನ ಎಡಭಾಗ ಖಾಲಿ ಕೋಣೆಯಾಗಿತ್ತು. ಯಂತ್ರದ ಆರು ದಿನದ ದಾಖಲೆಯನ್ನು, ಬುಧವಾರದಿಂದ ಬುಧವಾರದವರೆಗಿನದನ್ನು, ಹೊಸ ತಲೆಯ ಮೇಲೆ ಹಾಕಿದಳು. ಮುಖ್ಯಸ್ಥರೂ ಡಾಕ್ಟರಮ್ಮನೂ ಅವಳ ಹಿಂದೆ ನಿಂತಿದ್ದರು. ಚಿತ್ರ ಅವಳ ಊಹೆಗಿಂತ ಸ್ವಲ್ಪ ಕಡಿಮೆ ಕೆಂಪಾಗಿ ಬಂತು. ಆದರೂ ಕೆಂಪೇ.

"ಆರು ಸಲ" ಎಂದರು ಡಾಕ್ಟರಮ್ಮ. "ಇನ್ನುಳಿದಿದ್ದರಲ್ಲಿ ನರಕ್ಕೆ ಏನೂ ತಾಗದ ಹಾಗೆ ಮಾಡಿದ್ರೆ ಒಟ್ಟು ನರ ತಡ್ಕೊಳ್ಳೋ ಮಿತಿಯೊಳಗೇ ಬರತ್ತೆ. ಅಂಚಿನಲ್ಲಿ."

"ಮಿತಿಯೊಳಗಿದ್ರೆ ಕಣ್ಣು ಉಳಿಯತ್ತಲ್ವಾ?" ಅವಳು ಕೇಳಿದಳು.

"ಮಿತಿಯೊಳಗೆ ಇದ್ದೂ ಹೋದವರಿದಾರೆ, ದಾಟಿಯೂ ಉಳಿದವರಿದಾರೆ. ಹೋಗೋದಾದ್ರೆ ಒಂದೋ ಎರಡೋ ವರ್ಷದಲ್ಲಿ ಹೋಗತ್ತೆ. ಅಲ್ಲಿವರೆಗೆ ಗೊತ್ತಾಗಲ್ಲ."

ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. "ತಪ್ಪಿನ ವರದಿ ಬರಿ," ಎಂದರು. "ಚಿತ್ರ ಕಟ್ಟಿದ್ದು ನೀನು, ಒಪ್ಪಿದ್ದು ನಾನು. ನನ್ನ ಹೆಸರು ಮೇಲೆ ಹಾಕು." ಅವರು ದೊಡ್ಡ ಮನುಷ್ಯರೇ. ಆದರೆ ಅವತ್ತು ಅವಳಿಗೆ ಯಾರ ದೊಡ್ಡತನವೂ ಬೇಕಾಗಿರಲಿಲ್ಲ. ಬಸ್ಸಿಗೆ ಹೊರಟಾಗ ಟೆಕ್ನಿಷಿಯನ್ ಕೈ ಹಿಡಿದು, "ನಿನ್ನಿಂದ ಒಂದು ಕಣ್ಣು ಉಳೀತು ಕಣೇ" ಎಂದಾಗ ಅವಳಿಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಉಳಿಯಿತೋ ಇಲ್ಲವೋ ಯಾರಿಗೆ ಗೊತ್ತು? ಅವಳಿಗೆ ಕಾಣುತ್ತಿದ್ದುದು ಒಂದೇ: ತಾನು ನೆಮ್ಮದಿಯಾಗಿದ್ದ ಎಂಟು ದಿನ.

ಮಾರನೆಯ ದಿನ, ಆದದ್ದನ್ನು ಮೇಸ್ತ್ರಿಗೆ ತಾನೇ ಹೇಳುತ್ತೇನೆಂದು ಹಟ ಹಿಡಿದಳು. ಡಾಕ್ಟರಮ್ಮ ಪಕ್ಕದಲ್ಲಿ ಕೂತಿದ್ದರು. ಮೇಸ್ತ್ರಿ ಎರಡು ಚಿತ್ರಗಳನ್ನೂ ಇದ್ದ ಒಂದು ಕಣ್ಣಿನಿಂದ ಹತ್ತಿರ ಹೋಗಿ ನೋಡಿದರು. ಯಾವುದು ಆಗಬೇಕಿತ್ತು, ಯಾವುದು ಆಯಿತು ಎಂದು ಬೆರಳಿಟ್ಟು ಕೇಳಿ ತಿಳಿದುಕೊಂಡರು. ಅವರು ಕೂಗಾಡಲಿಲ್ಲ.

"ಮೂಗು ಬಿಟ್ಟಿದ್ದಕ್ಕೆ ನಾನು ಮನೆಯಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೆ" ಎಂದರು. ಅಷ್ಟೇ ಹೇಳಿ ಅಂಗಿಯ ಗುಂಡಿ ಹಾಕಿಕೊಂಡರು.

ಹೊಸ ಲೆಕ್ಕಕ್ಕೆ ನಾಲ್ಕು ದಿನದ ಚಿಕಿತ್ಸೆ ತಪ್ಪಿತು. ಬುಧವಾರ ಮತ್ತೆ ಶುರುವಾಯಿತು. ಅಂದಿನಿಂದ ಮೇಸ್ತ್ರಿಗೆ ವಾರಕ್ಕೆರಡು ಸ್ಕ್ಯಾನು, ಪ್ರತಿ ಸ್ಕ್ಯಾನಿನ ಮೇಲೂ ಹೊಸ ಚಿತ್ರ. ಮೂವತ್ತಮೂರೂ ಮುಗಿಯಿತು. ಗಡ್ಡೆ ಹೇಳಹೆಸರಿಲ್ಲದಂತೆ ಹೋಯಿತು. ಮೇಸ್ತ್ರಿ ದೂರದಲ್ಲಿದ್ದ ಮಗಳ ಮನೆ ಸೇರಿಕೊಂಡರು. ಮುಂದಿನ ತಪಾಸಣೆಯೆಲ್ಲ ಅಲ್ಲಿನ ಆಸ್ಪತ್ರೆಯಲ್ಲೇ ಎಂದು ಕಾಗದ ಪತ್ರ ತೆಗೆದುಕೊಂಡು ಹೋದರು.

ಪ್ರತಿ ತಿಂಗಳು ಒಂದನೇ ತಾರೀಕು ಅವಳು ಮೇಸ್ತ್ರಿಗೆ ಫೋನ್ ಮಾಡತೊಡಗಿದಳು. ಯಾರೂ ಹೇಳಿರಲಿಲ್ಲ, ಆಸ್ಪತ್ರೆಯ ಕೆಲಸವೂ ಅಲ್ಲ. ಮನೆಯ ಅಂಗಳದಲ್ಲಿ ನಿಂತು ಮಾಡುತ್ತಿದ್ದಳು.

"ಮೇಸ್ತ್ರೀ, ಬಣ್ಣದ ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಕ್ಕೆ ಬರುತ್ತಾ?"

"ಬರುತ್ತೆ ಮೇಡಂ."

"ಹೋದ ತಿಂಗಳಿನ ಹಾಗೇನೇ?"

"ಹಾಗೇನೇ."

"ಅಂಚಿನಲ್ಲಿ ಏನಾದ್ರೂ ಮಸುಕು?"

"ಇಲ್ಲ ಅನ್ಸತ್ತೆ. ನೋಡ್ತೀನಿ ತಡೀರಿ... ಇಲ್ಲ."

ಫೋನ್ ಇಟ್ಟ ಮೇಲೆ ಎರಡು ದಿನ ಅವಳು ಹಗುರಾಗಿರುತ್ತಿದ್ದಳು. ಆ ‘ತಡೀರಿ’ಯನ್ನು ನೆನೆದುಕೊಂಡು ಉಳಿದ ಇಪ್ಪತ್ತೆಂಟು ದಿನ ಕೊರಗುತ್ತಿದ್ದಳು. ತಾಯಿ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಹೇಳಿದಳು: "ನಾನು ಇಪ್ಪತ್ತಾರು ವರ್ಷ ಬಟ್ಟೆ ನೋಡ್ದೆ. ಕಣ್ತಪ್ಪಿ ಹೋಗಿದ್ದು ಎಷ್ಟೋ ಇರತ್ತೆ. ಹಾಗಂತ ಉಟ್ಟವರ ಮನೆ ಮನೆಗೆ ಹೋಗಿ, ಹರೀತಾ, ಹರೀತಾ ಅಂತ ಕೇಳ್ಲಿಲ್ಲ ಕಣೇ."

"ಅದು ಬಟ್ಟೆ ಅಮ್ಮಾ."

"ಹೌದಮ್ಮಾ, ಬಟ್ಟೆಗೆ ಕೇಳಿದ್ರೆ ಹೆದರಿಕೆ ಆಗಲ್ಲ" ಎಂದು ತಾಯಿ ಎದ್ದು ಒಳಗೆ ಹೋದಳು. ಅವಳಿಗೆ ಆ ಮಾತು ಸರಿಯಾಗಿ ಹತ್ತಲಿಲ್ಲ. ಹತ್ತಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಏಳನೆಯ ತಿಂಗಳು ಫೋನ್ ಮಾಡಿದಾಗ ಮೇಸ್ತ್ರಿ ತಕ್ಷಣ ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿದರು. ಅವಳು ಬಾಯಿ ಬಿಡುವ ಮೊದಲೇ ಅವರೇ ಮಾತಾಡಿದರು.

"ಮೇಡಂ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಒಳ್ಳೇವ್ರು. ಅವತ್ತು ಕ್ಲಿಪ್ ಬಿಚ್ಚಿದ್ದು ನೀವೇ, ಅದನ್ನ ಸಾಯೋವರೆಗೆ ಮರೆಯಲ್ಲ. ಆದ್ರೆ ಒಂದನೇ ತಾರೀಕು ಹತ್ತಿರ ಬಂದ್ರೆ ನನಗೆ ಕೈ ಕಾಲು ಆಡಲ್ಲ. ಬ್ರಶ್ ಹಿಡಿದು ಗೋಡೆ ನೋಡ್ತಾ ನಿಂತ್ಬಿಡ್ತೀನಿ, ಇದು ಮಸುಕಾ, ಬಣ್ಣಾನೇ ಹೀಗಾ ಅಂತ. ಉಳಿದ ದಿನ ನನಗೆ ಕಣ್ಣಿದೆ ಅನ್ನೋದೇ ನೆನಪಿರಲ್ಲ, ನೋಡ್ಕೊಂಡು ಕೆಲಸ ಮಾಡ್ತಿರ್ತೀನಿ. ಇಲ್ಲಿ ಡಾಕ್ಟ್ರು ಇದಾರೆ, ಅವ್ರು ನೋಡ್ತಾರೆ. ನೀವು ಇನ್ನು ಫೋನ್ ಮಾಡ್ಬೇಡಿ."

ಅವಳು ಅಂಗಳದಲ್ಲಿ ನಿಂತೇ ಇದ್ದಳು. ತಾನು ತಿಂಗಳು ತಿಂಗಳು ಕಳಿಸುತ್ತಿದ್ದುದು ಕಾಳಜಿ ಎಂದುಕೊಂಡಿದ್ದಳು. ನಾಚಿಕೆಯಾಯಿತು, ಒಂದು ಕ್ಷಣ ಮೇಸ್ತ್ರಿಯ ಮೇಲೆ ಸಿಟ್ಟೂ ಬಂತು. ಇವತ್ತು ಒಂದು ಸಲ ಕೇಳಿಬಿಡಲೇ, ಡಬ್ಬಿಯ ಅಕ್ಷರ ಕಾಣುತ್ತಾ ಎಂದು, ಇದೊಂದು ಸಲ? ಕೇಳಲಿಲ್ಲ.

"ಆಯ್ತು ಮೇಸ್ತ್ರೀ" ಎಂದಳು.

ಮುಂದಿನ ಒಂದನೇ ತಾರೀಕು ಫೋನನ್ನು ತಾಯಿಯ ಕೈಗೆ ಕೊಟ್ಟು, ಸಂಜೆವರೆಗೆ ಕೇಳಿದರೂ ಕೊಡಬೇಡ ಎಂದಳು. ಎರಡು ಸಲ ಕೇಳಿದಳು, ತಾಯಿ ಕೊಡಲಿಲ್ಲ. ಅದರ ಮುಂದಿನ ತಿಂಗಳು ತಾನೇ ಇಟ್ಟುಕೊಂಡಳು.

ಈಗ ಚಿಕಿತ್ಸೆ ಮುಗಿದು ಹತ್ತೊಂಬತ್ತು ತಿಂಗಳಾಗಿದೆ. ಮೇಸ್ತ್ರಿಯ ಕಣ್ಣು ಹೇಗಿದೆ ಎಂದು ಅವಳಿಗೆ ಗೊತ್ತಿಲ್ಲ.